ತ್ವೇರ್ ಅಂದರೆ ಯಾವ ಊರು? ಅಣ್ಣನ ಮಗ ಅಲ್ಲಿಗೆ ಹೊರಟಿದ್ದಾನೆ

ಬೀದರ್_ಬಸವ:
ಎಲ್ಲರಿಗೂ ನಮಸ್ಕಾರ. ಅಣ್ಣನ ಮಗನಿಗೆ ರಷ್ಯಾದ ತ್ವೇರ್ ಅನ್ನೋ ಊರಿನಲ್ಲಿ ಎಂಬಿಬಿಎಸ್ ಸೀಟು ಸಿಕ್ಕಿದೆ. ಫೀಸು, ವೀಸಾ ಎಲ್ಲ ಏಜೆಂಟ್ ನೋಡಿಕೊಳ್ಳುತ್ತಾನಂತೆ. ಊರಿನ ಬಗ್ಗೆ ಕೇಳಿದರೆ ಮಾತ್ರ "ಮಾಸ್ಕೋ ಪಕ್ಕದಲ್ಲೇ ಸರ್" ಅನ್ನುತ್ತಾನೆ, ಅಷ್ಟೇ. ಮನೆಯಲ್ಲಿ ಒಂದು ಹಳೇ ಅಟ್ಲಾಸ್ ಇದೆ, ಹೈಸ್ಕೂಲಿನಲ್ಲಿ ನನಗೆ ಬಹುಮಾನ ಬಂದಿದ್ದು. ಅದರಲ್ಲಿ ತ್ವೇರ್ ಇಲ್ಲವೇ ಇಲ್ಲ! ಮಾಸ್ಕೋ ಪಕ್ಕದಲ್ಲಿ ಕಲಿನಿನ್ ಅಂತ ಒಂದು ಊರಿದೆ. ಅತ್ತಿಗೆ ಅದನ್ನು ನೋಡಿ, ಇಲ್ಲದ ಊರಿಗೆ ಮಗನನ್ನು ಕಳಿಸುತ್ತಿದ್ದೀರಿ ಅಂತ ಊಟ ಬಿಟ್ಟು ಕೂತಿದ್ದಾರೆ. ಇನ್ನೊಬ್ಬ ನೆಂಟರು ಅದು ಕಲಿನಿನ್‌ಗ್ರಾಡ್, ಪೋಲೆಂಡ್ ಪಕ್ಕ ಅಂದರು. ಯಾರಿಗಾದರೂ ಗೊತ್ತಿದ್ದರೆ ತಿಳಿಸಿ. ಕಾಲೇಜಿನ ವಿಷಯ ನಾವು ವಿಚಾರಿಸಿಕೊಳ್ಳುತ್ತೇವೆ. ಊರಿನ ವಿಷಯ ಹೇಳಿ ಸಾಕು.

ವೋಲ್ಗಾ_ವೈದ್ಯೆ:
ಬಸವ ಅವರೇ, ಮೊದಲು ಅತ್ತಿಗೆಗೆ ಊಟ ಮಾಡಲು ಹೇಳಿ. ಊರು ಇದೆ. ನಾನು ಆರು ವರ್ಷ ಅಲ್ಲಿದ್ದೆ.

ಕಲಿನಿನ್ ಮತ್ತು ತ್ವೇರ್ ಒಂದೇ ಊರು. 1931ರಲ್ಲಿ ಹೆಸರು ಬದಲಾಯಿಸಿ ಕಲಿನಿನ್ ಅಂತ ಇಟ್ಟರು, 1990ರಲ್ಲಿ ಮತ್ತೆ ಹಳೇ ಹೆಸರು ಬಂತು. ನಿಮ್ಮ ಅಟ್ಲಾಸ್ ಆ ನಡುವಿನದು. ಕಲಿನಿನ್‌ಗ್ರಾಡ್ ಪೂರ್ತಿ ಬೇರೆ. ಅದು ಬಾಲ್ಟಿಕ್ ಸಮುದ್ರದ ದಡದಲ್ಲಿ, ಪೋಲೆಂಡ್ ಮತ್ತು ಲಿಥುವೇನಿಯಾ ಮಧ್ಯೆ ಸಿಕ್ಕಿಕೊಂಡಿದೆ. ಹಿಂದೆ ಜರ್ಮನರ ಕೊನಿಗ್ಸ್‌ಬರ್ಗ್ ಆಗಿತ್ತು. ಎರಡೂ ಊರಿಗೆ ಹೆಸರು ಬಂದಿದ್ದು ಒಬ್ಬನಿಂದಲೇ, ಮಿಖಾಯಿಲ್ ಕಲಿನಿನ್. ಹೆಸರಿಗೆ ಸೋವಿಯತ್ ದೇಶದ ಮುಖ್ಯಸ್ಥ, ಅಧಿಕಾರವೆಲ್ಲ ಸ್ಟಾಲಿನ್ ಕೈಯಲ್ಲಿ. ಅವನು ಹುಟ್ಟಿದ್ದು ತ್ವೇರ್ ಸೀಮೆಯ ಒಂದು ಹಳ್ಳಿಯಲ್ಲಿ, ಅದಕ್ಕೇ ಬದುಕಿದ್ದಾಗಲೇ ಊರಿಗೆ ಅವನ ಹೆಸರು.

ಮಾಸ್ಕೋದಿಂದ ವಾಯವ್ಯಕ್ಕೆ ಸುಮಾರು 170 ಕಿ.ಮೀ. ಏಜೆಂಟ್ ಹೇಳಿದ "ಪಕ್ಕದಲ್ಲೇ" ಅನ್ನೋದು ರಷ್ಯಾದ ಲೆಕ್ಕದಲ್ಲಿ ಸುಳ್ಳಲ್ಲ. ಜನಸಂಖ್ಯೆ 4 ಲಕ್ಷಕ್ಕೆ ಸ್ವಲ್ಪ ಜಾಸ್ತಿ.

ಮಲೆನಾಡ_ಮಂಜು:
ಊರಿಗೆ ಬದುಕಿರೋರ ಹೆಸರಿಡೋದು ಯಾವಾಗಲೂ ಅಪಾಯ. ಮುಂದೆ ಬೋರ್ಡ್ ಬರೆಯೋನಿಗೆ ಮಾತ್ರ ಲಾಭ.

ಬೀದರ್_ಬಸವ:
ಮೇಡಂ, ತುಂಬಾ ಧನ್ಯವಾದ. ಅತ್ತಿಗೆ ಊಟ ಮಾಡಿದರು. ಆದರೆ ಪ್ರಶ್ನೆ ನಿಂತಿಲ್ಲ: ಊರಲ್ಲಿ ಏನಿದೆ, ನೀರಿದೆಯಾ ಅಂತ ಕೇಳುತ್ತಿದ್ದಾರೆ. (ಬೀದರ್‌ನವರು ನಾವು, ನೀರು ಮೊದಲು ಕೇಳುತ್ತೇವೆ.)

ವೋಲ್ಗಾ_ವೈದ್ಯೆ:
ನೀರಾ! ಊರಿನಲ್ಲಿ ಮೂರು ನದಿ ಇವೆ ಅಂತ ಹೇಳಿ ಅವರಿಗೆ.

ದೊಡ್ಡದು ವೋಲ್ಗಾ. ಊರಿನ ನಟ್ಟನಡುವೆ ಪಶ್ಚಿಮದಿಂದ ಪೂರ್ವಕ್ಕೆ ಹರಿಯುತ್ತದೆ. ಉತ್ತರದಿಂದ ತ್ವೇರ್ತ್ಸಾ ಬಂದು ಸೇರುತ್ತದೆ, ದಕ್ಷಿಣದಿಂದ ಸಣ್ಣ ತ್ಮಾಕಾ. ಬಡಾವಣೆಗಳಿಗೂ ನದಿಯ ಹೆಸರೇ. ವೋಲ್ಗಾದ ಆಚೆ ಇರುವುದು ಜವೋಲ್ಜ್ಯೆ, ತ್ವೇರ್ತ್ಸಾದ ಆಚೆಯದು ಜತ್ವೇರೇಚ್ಯೆ, ತ್ಮಾಕಾದ ಆಚೆಯದು ಜತ್ಮಾಚ್ಯೆ. ನಮ್ಮಲ್ಲಿ ಹೊಳೆಯಾಚೆ ಕೇರಿ ಅಂತೀವಲ್ಲ, ಹಾಗೆಯೇ. ಮೊದಮೊದಲು ಬಸ್ ಕಂಡಕ್ಟರ್ ಈ ಹೆಸರು ಹೇಳಿದಾಗ ನನಗೆ ಸೀನು ಬಂದಂತೆ ಕೇಳುತ್ತಿತ್ತು. ಅರ್ಥ ತಿಳಿದ ಮೇಲೆ ಊರಿನಲ್ಲಿ ದಾರಿ ತಪ್ಪಲೇ ಇಲ್ಲ. ನಾನು ಯಾವ ಹೊಳೆಯ ಆಚೆ ಇದ್ದೇನೆ ಅಂತ ನೋಡಿಕೊಂಡರೆ ಸಾಕಿತ್ತು.

ಚಳಿಗಾಲದಲ್ಲಿ ವೋಲ್ಗಾ ಹೆಪ್ಪುಗಟ್ಟುತ್ತದೆ. ಸೇತುವೆಗೆ ಸುತ್ತಿ ಹೋಗೋದು ಬೇಡ ಅಂತ ಜನ ನದಿಯ ಮೇಲೇ ನಡೆದು ದಾಟುತ್ತಾರೆ. ಮುದುಕರು ಮಂಜಿಗೆ ತೂತು ಕೊರೆದು, ಪೆಟ್ಟಿಗೆ ಮೇಲೆ ಕೂತು, ಇಡೀ ದಿನ ಮೀನಿಗೆ ಕಾಯುತ್ತಾರೆ. ನಾನು ಮೊದಲ ವರ್ಷ ದಡದಲ್ಲಿ ನಿಂತು ನೋಡಿದ್ದೇ ನೋಡಿದ್ದು. ಮೂರನೇ ವರ್ಷ ನಾನೂ ದಾಟಿದೆ. ಅಮ್ಮನಿಗೆ ಇವತ್ತಿಗೂ ಹೇಳಿಲ್ಲ.

ಮಲೆನಾಡ_ಮಂಜು:
ಮೇಡಂ, ನಿಮ್ಮ ಅಮ್ಮ ಈ ವೇದಿಕೆಯಲ್ಲಿ ಇರಬಹುದು, ಹುಷಾರು.

ನದಿ ವಿಷಯಕ್ಕೆ ನನ್ನದೂ ಒಂದಿಷ್ಟು. ವೋಲ್ಗಾ ಹುಟ್ಟೋದು ಅದೇ ತ್ವೇರ್ ಪ್ರಾಂತ್ಯದಲ್ಲಿ, ವಲ್ದಾಯ್ ದಿಬ್ಬಗಳ ಮೇಲೆ, ವೋಲ್ಗೊವೆರ್ಖೊವ್ಯೆ ಅನ್ನೋ ಹಳ್ಳಿಯಲ್ಲಿ. ಎತ್ತರ ಬರೀ 228 ಮೀಟರ್. ನಮ್ಮ ತಲಕಾವೇರಿ 1,200 ಮೀಟರಿಗೂ ಮೇಲೆ. ಕಾವೇರಿ ಅಷ್ಟು ಮೇಲಿಂದ ಇಳಿದು 800 ಕಿ.ಮೀ. ಓಡಿ ಮುಗಿಸುತ್ತಾಳೆ. ಇದು 228 ಮೀಟರಿಂದ ಹೊರಟು 3,500 ಕಿ.ಮೀ. ನಡೆಯುತ್ತೆ. ಅಂದರೆ ಇಳಿಜಾರು ಇಲ್ಲವೇ ಇಲ್ಲ ಅನ್ನಬೇಕು. ಜಲಪಾತ ಇಲ್ಲ, ಬಂಡೆ ಕಡಿಮೆ. ದೋಣಿಗೆ ಇದಕ್ಕಿಂತ ಒಳ್ಳೆ ದಾರಿ ಯಾವುದಿದೆ? ಆ ಸಮತಟ್ಟು ನೆಲದಿಂದಲೇ ತ್ವೇರ್ ಊರಾಗಿದ್ದು.

ತ್ವೇರ್ತ್ಸಾ ಇನ್ನೂ ಮುಖ್ಯ. ಅದರಲ್ಲಿ ಉತ್ತರಕ್ಕೆ ಹೋದರೆ ನವ್ಗೊರೊದ್ ಅನ್ನೋ ಹಳೇ ವ್ಯಾಪಾರದ ಊರಿನ ಕಡೆಯ ನದಿಗಳು ಹತ್ತಿರ ಬರುತ್ತವೆ. ನಡುವೆ ಒಂದು ಸಣ್ಣ ನೆಲದ ತುಂಡು. ಹಳೇ ಕಾಲದಲ್ಲಿ ದೋಣಿಯನ್ನೇ ನೆಲದ ಮೇಲೆ ಎಳೆದು ಆಚೆ ನದಿಗೆ ಬಿಡುತ್ತಿದ್ದರು. ಹಾಗೆ ಎಳೆಯುವ ಜಾಗಕ್ಕೆ ವೋಲೊಕ್ ಅನ್ನುತ್ತಾರೆ. ಅಲ್ಲಿರುವ ಊರಿನ ಹೆಸರೇ ವಿಶ್ನಿ ವೊಲೊಚೊಕ್. 1703ರಲ್ಲಿ ಪೀಟರ್ ದೊರೆ ಅಲ್ಲಿ ಕಾಲುವೆ ತೋಡಿಸಲು ಶುರು ಮಾಡಿದ. ಹೊಸ ರಾಜಧಾನಿ ಪೀಟರ್ಸ್‌ಬರ್ಗ್‌ಗೆ ಧಾನ್ಯ ಹೋಗಬೇಕಲ್ಲ! ವೋಲ್ಗಾದ ದೋಣಿಗಳೆಲ್ಲ ತ್ವೇರ್ ಹತ್ತಿರ ಎಡಕ್ಕೆ ತಿರುಗಿ... ತಪ್ಪಾಯ್ತು, ಕೆಳಗಿಂದ ಬರೋರಿಗೆ ಅದು ಬಲಕ್ಕೆ. ಅಂತೂ ಅಲ್ಲಿ ತಿರುಗಿ ಉತ್ತರಕ್ಕೆ ಹೋಗುತ್ತಿದ್ದವು.

ರೈಲುಹುಚ್ಚ:
ಆಮೇಲೆ 1851ರಲ್ಲಿ ಮಾಸ್ಕೋ–ಪೀಟರ್ಸ್‌ಬರ್ಗ್ ರೈಲು ಬಂತು, ಅದೂ ತ್ವೇರ್ ಮೇಲೆಯೇ. ನಮ್ಮ ದೇಶದ ಮೊದಲ ಪ್ರಯಾಣಿಕರ ರೈಲು, ಮುಂಬೈನ ಬೋರಿ ಬಂದರ್–ಠಾಣೆಯದು, ಅದಕ್ಕಿಂತ ಎರಡು ವರ್ಷ ಮೊದಲು. ಈಗಲೂ ಎರಡು ರಾಜಧಾನಿ ನಡುವಿನ ವೇಗದ ರೈಲು ಅಲ್ಲೇ ಹಾದುಹೋಗುತ್ತೆ. ಪೀಟರ್ಸ್‌ಬರ್ಗ್‌ಗೆ ಇನ್ನು 480 ಕಿ.ಮೀ. ಚಿಲ್ಲರೆ.

ಆಳಂದ_ಮೇಷ್ಟ್ರು:
ಬಸವ ಅವರೇ, ನೀವು ಬೀದರ್‌ನವರಾಗಿ ತ್ವೇರ್ ಯಾವೂರು ಅಂತ ಕೇಳಿದಿರಲ್ಲ, ನನಗೆ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ಸಿಟ್ಟಾಗಬೇಡಿ, ಮೂವತ್ತು ವರ್ಷ ಇತಿಹಾಸ ಹೇಳಿಕೊಟ್ಟವನ ಚಟ ಇದು.

ತ್ವೇರ್‌ನಿಂದ ಒಬ್ಬ ವ್ಯಾಪಾರಿ ನಿಮ್ಮೂರಿಗೆ ಬಂದಿದ್ದ. 550 ವರ್ಷಗಳ ಹಿಂದೆ. ಹೆಸರು ಅಫನಾಸಿ ನಿಕಿತಿನ್. ಬಹಮನಿ ಸುಲ್ತಾನರ ಕಾಲ, ಮಹಮೂದ್ ಗವಾನ್ ಮಂತ್ರಿಯಾಗಿದ್ದಾಗ. ಬೀದರ್‌ನಲ್ಲಿ ಬಹಳ ದಿನ ಇದ್ದ. ಕಂಡದ್ದನ್ನೆಲ್ಲ ರಷ್ಯನ್ ಭಾಷೆಯಲ್ಲಿ ಬರೆದಿಟ್ಟ. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ. ಇವನು ಬಂದದ್ದು ಅದಕ್ಕೆ ಸುಮಾರು ಮೂವತ್ತು ವರ್ಷ ಮೊದಲು.

ಬೀದರ್_ಬಸವ:
ಸರ್, ನಾನು ಗವಾನ್ ಮದರಸಾ ಎದುರು ಆಡಿ ಬೆಳೆದವನು. ಈ ಹೆಸರು ಇವತ್ತೇ ಕೇಳಿದ್ದು. ದಯವಿಟ್ಟು ಬಿಡಿಸಿ ಹೇಳಿ. ಅವನು ಇಷ್ಟು ದೂರ ಯಾಕೆ ಬಂದ?

ಆಳಂದ_ಮೇಷ್ಟ್ರು:
ಹೇಳುತ್ತೇನೆ. ಆದರೆ ಮೊದಲು ಅವನು ಹೊರಟ ಊರು ಆಗ ಹೇಗಿತ್ತು ಅಂತ ತಿಳಿಯಬೇಕು. ಇಲ್ಲದಿದ್ದರೆ ಕಥೆಗೆ ರುಚಿ ಇಲ್ಲ.

ಆಗ ತ್ವೇರ್ ಮಾಸ್ಕೋಗೆ ಸೇರಿರಲಿಲ್ಲ. ಅದೇ ಒಂದು ರಾಜ್ಯ. 13ನೇ ಶತಮಾನದಲ್ಲಿ ಮಂಗೋಲರು ಬಂದು ಎಲ್ಲವನ್ನೂ ಸುಟ್ಟ ಮೇಲೆ, ರಷ್ಯಾದ ಆ ಭಾಗದಲ್ಲಿ ಮೇಲೆದ್ದ ಊರುಗಳಲ್ಲಿ ತ್ವೇರ್ ಮುಂದು. ಮಂಜು ಅವರು ಹೇಳಿದ ನದಿ ವ್ಯಾಪಾರವೇ ಕಾರಣ. 1285ರಲ್ಲಿ ಅಲ್ಲಿ ಕಲ್ಲಿನ ದೊಡ್ಡ ಚರ್ಚ್ ಕಟ್ಟಲು ಶುರು ಮಾಡಿದರು. ಮಂಗೋಲರ ದಾಳಿಯ ನಂತರ ಆ ಕಡೆ ಎದ್ದ ಮೊದಲ ಕಲ್ಲು ಕಟ್ಟಡ ಅದು.

ರಷ್ಯಾದ ರಾಜರು ಆಗ ಮಂಗೋಲ್ ಖಾನನ ಸಾಮಂತರು. ಯಾರು ಮಹಾರಾಜ ಅಂತ ಹೇಳುವುದು ಖಾನ. ಅವನ ಸನ್ನದಿಗೆ ಯಾರ್ಲಿಕ್ ಅನ್ನುತ್ತಿದ್ದರು. 1304ರ ಹೊತ್ತಿಗೆ ಅದು ಸಿಕ್ಕಿದ್ದು ತ್ವೇರ್‌ನ ಮಿಖಾಯಿಲ್ ಯಾರೊಸ್ಲಾವಿಚ್‌ಗೆ. ಮಾಸ್ಕೋದ ಯೂರಿಗೆ ಹೊಟ್ಟೆಕಿಚ್ಚು. ಯೂರಿ ಖಾನನ ತಂಗಿಯನ್ನೇ ಮದುವೆಯಾಗಿ, ಸನ್ನದು ತನ್ನ ಹೆಸರಿಗೆ ಮಾಡಿಸಿಕೊಂಡು, ಮಂಗೋಲ್ ಸೇನೆ ಕಟ್ಟಿಕೊಂಡು ತ್ವೇರ್ ಮೇಲೆ ಬಂದ. 1317ರಲ್ಲಿ ಮಿಖಾಯಿಲ್ ಗೆದ್ದ! ಆದರೆ ಗೆದ್ದದ್ದೇ ಮುಳುವಾಯಿತು. ಸೆರೆ ಸಿಕ್ಕ ಖಾನನ ತಂಗಿ ತ್ವೇರ್‌ನಲ್ಲೇ ಸತ್ತಳು. ವಿಷ ಹಾಕಿದರು ಅಂತ ಯೂರಿ ಖಾನನ ಕಿವಿ ಊದಿದ. ಖಾನ ಕರೆಸಿದ. ಹೋಗದಿದ್ದರೆ ಊರು ಉಳಿಯುವುದಿಲ್ಲ ಅಂತ ಮಿಖಾಯಿಲ್ ತಾನೇ ಹೋದ. 1318ರಲ್ಲಿ ಅಲ್ಲೇ ಕೊಂದರು. ರಷ್ಯಾದ ಚರ್ಚ್ ಅವನನ್ನು ಸಂತ ಅಂತ ಪೂಜಿಸುತ್ತದೆ. ಊರ ನಡುವಿನ ಚೌಕದಲ್ಲಿ ಅವನ ಕುದುರೆ ಸವಾರಿಯ ಪ್ರತಿಮೆ ಇದೆ.

ವೋಲ್ಗಾ_ವೈದ್ಯೆ:
ಆ ಪ್ರತಿಮೆ 2008ರಲ್ಲಿ ನಿಂತಿದ್ದು ಮೇಷ್ಟ್ರೇ. ನಾನು ಅಲ್ಲಿದ್ದಾಗಲೇ. ಯಾರೋ ಸೇನಾಧಿಪತಿ ಅಂದುಕೊಂಡು ಅದರ ಕೆಳಗೆ ನಿಂತು ಬಸ್ಸಿಗೆ ಕಾದಿದ್ದೇನೆ. ಇವತ್ತು ಗೊತ್ತಾಯಿತು.

ಮಲೆನಾಡ_ಮಂಜು:
ಕುದುರೆ ಅಂದಮೇಲೆ ಹೆಣ್ಣುಕುದುರೆ ಕಥೆ ಬಿಡಬೇಡಿ ಮೇಷ್ಟ್ರೇ!

ಆಳಂದ_ಮೇಷ್ಟ್ರು:
ಬಿಡುವುದುಂಟೇ. 1327ರ ಆಗಸ್ಟ್ 15. ಮಂಗೋಲ್ ಅಧಿಕಾರಿ ಚೋಲ್‌ಖಾನ್ ಊರಿನಲ್ಲಿ ಬೀಡುಬಿಟ್ಟು ಜನರನ್ನು ಹಿಂಸಿಸುತ್ತಿದ್ದ. ಆ ದಿನ ದೂದ್ಕೊ ಅನ್ನೋ ಚರ್ಚ್ ಸೇವಕ ತನ್ನ ಹೆಣ್ಣುಕುದುರೆಗೆ ನೀರು ಕುಡಿಸಲು ವೋಲ್ಗಾಗೆ ಹೊಡೆದುಕೊಂಡು ಹೋಗುತ್ತಿದ್ದ. ಕುದುರೆ ಚಿಕ್ಕದು, ಮೈತುಂಬಿಕೊಂಡಿತ್ತು. ಮಂಗೋಲರು ಕಿತ್ತುಕೊಂಡರು. ದೂದ್ಕೊ "ತ್ವೇರ್ ಜನರೇ, ಬಿಡಬೇಡಿ" ಅಂತ ಕೂಗಿದ. ಗಂಟೆ ಬಾರಿಸಿದರು. ಇಡೀ ಊರು ಎದ್ದಿತು. ಸಂಜೆಯೊಳಗೆ ಚೋಲ್‌ಖಾನ್ ಇದ್ದ ಅರಮನೆ ಸುಟ್ಟು, ಅವನನ್ನೂ ಮುಗಿಸಿದರು. ಇದು ಹಳೇ ವೃತ್ತಾಂತದಲ್ಲಿರುವ ಮಾತು.

ಆಮೇಲೇನು? ಖಾನ ಸೇನೆ ಕಳಿಸಿದ. ಆ ಸೇನೆಗೆ ದಾರಿ ತೋರಿಸಿದವನು ಮಾಸ್ಕೋದ ಇವಾನ್ ಕಲಿತಾ, ಯೂರಿಯ ತಮ್ಮ. ತ್ವೇರ್ ಬೂದಿಯಾಯಿತು. ತ್ವೇರ್ ರಾಜ ಪ್‌ಸ್ಕೊವ್‌ಗೆ ಓಡಿಹೋದ, ಮುಂದೆ ಅವನನ್ನೂ ಖಾನನ ಬಳಿ ಕೊಂದರು. ಕಲಿತಾ ತ್ವೇರ್‌ನ ದೊಡ್ಡ ಚರ್ಚಿನ ಗಂಟೆಯನ್ನು ಬಿಚ್ಚಿಸಿ ಮಾಸ್ಕೋಗೆ ಸಾಗಿಸಿದ. ಜನರನ್ನು ಎಬ್ಬಿಸಿದ್ದು ಗಂಟೆ, ಅದಕ್ಕೇ ಶಿಕ್ಷೆ ಆ ಗಂಟೆಗೂ ಆಯಿತು. ರಾಜಕೀಯದಲ್ಲಿ ಕಲಿತಾ ಬಲು ಪಾಕಡಾ. ಕಲಿತಾ ಅಂದರೆ ಹಣದ ಚೀಲ ಅಂತ ಅರ್ಥ.

ರೈಲುಹುಚ್ಚ:
ಅಂದರೆ ತ್ವೇರ್ ರಾಜಧಾನಿ ಆಗಬೇಕಿತ್ತು, ಆಗಲಿಲ್ಲ. ಜಾಗ ಮಾಸ್ಕೋಗಿಂತ ಚೆನ್ನಾಗಿತ್ತು ಅಲ್ವಾ?

ಆಳಂದ_ಮೇಷ್ಟ್ರು:
ನದಿ ಲೆಕ್ಕದಲ್ಲಿ ಹೌದು. ಆದರೆ ರಾಜಧಾನಿಗಳನ್ನು ನದಿ ಒಂದೇ ಕಟ್ಟುವುದಿಲ್ಲ. ಮಾಸ್ಕೋ ಖಾನನನ್ನೂ ಒಲಿಸಿಕೊಂಡಿತು, ಚರ್ಚಿನ ಮುಖ್ಯ ಗುರುವನ್ನೂ 1325ರ ಹೊತ್ತಿಗೆ ತನ್ನ ಊರಿಗೆ ತಂದು ಕೂರಿಸಿಕೊಂಡಿತು. ತ್ವೇರ್ ಮತ್ತೆ ಮತ್ತೆ ಎದ್ದಿತು, ಬಿದ್ದಿತು. ಕೊನೆಗೆ 1485ರಲ್ಲಿ ಮೂರನೇ ಇವಾನ್ ಮುತ್ತಿಗೆ ಹಾಕಿದ. ಕೊನೆಯ ರಾಜ ಮಿಖಾಯಿಲ್ ಬೊರಿಸೊವಿಚ್ ರಾತ್ರೋರಾತ್ರಿ ಲಿಥುವೇನಿಯಾಗೆ ಓಡಿದ.

ಈಗ ನಿಕಿತಿನ್. ಅವನು ಹೊರಟದ್ದು ಇದೇ ಮಿಖಾಯಿಲ್ ಬೊರಿಸೊವಿಚ್ ಆಳುತ್ತಿದ್ದಾಗ, 1468ರ ಸುಮಾರಿಗೆ. ಹಳೇ ಪುಸ್ತಕಗಳಲ್ಲಿ 1466 ಅಂತಲೂ ಇರುತ್ತದೆ. ಆ ದೊಡ್ಡ ಚರ್ಚಿನ ದೇವರಿಗೆ ಕೈಮುಗಿದು, ರಾಜನ ಪತ್ರ ಹಿಡಿದು, ವೋಲ್ಗಾದಲ್ಲಿ ಕೆಳಗೆ ಸಾಗಿದ. ಭಾರತ ಅವನ ಲೆಕ್ಕದಲ್ಲಿ ಇರಲೇ ಇಲ್ಲ. ಕ್ಯಾಸ್ಪಿಯನ್ ದಡದಲ್ಲಿ ವ್ಯಾಪಾರ ಮಾಡಿ ವಾಪಸು ಬರುವುದು ಅಂತ ಹೊರಟವನು. ಅಸ್ತ್ರಖಾನ್ ಹತ್ತಿರ ದೋಣಿ ದರೋಡೆಯಾಯಿತು. ಸರಕು ಹೋಯಿತು, ಪುಸ್ತಕಗಳೂ ಹೋದವು. ಸಾಲ ಮಾಡಿ ತಂದ ಸರಕು ಕಳೆದುಕೊಂಡು ಊರಿಗೆ ಹೇಗೆ ಹೋಗುತ್ತಾನೆ? ಮುಂದಕ್ಕೇ ಹೋದ. ದೆರ್ಬೆಂತ್, ಬಾಕು, ಪರ್ಷಿಯಾ, ಕೊನೆಗೆ ಹೊರ್ಮುಜ್ ಬಂದರು. ಅಲ್ಲಿ ಭಾರತದಲ್ಲಿ ಕುದುರೆಗೆ ಬಂಗಾರದ ಬೆಲೆ ಅಂತ ಕೇಳಿ ಒಂದು ಗಂಡುಕುದುರೆ ಕೊಂಡ. ಕುದುರೆ ಸಮೇತ ಹಡಗು ಹತ್ತಿ ಕೊಂಕಣದ ಚೌಲ್‌ನಲ್ಲಿ ಇಳಿದ.

ಮಲೆನಾಡ_ಮಂಜು:
ಒಂದೇ ಒಂದು ಕುದುರೆ? ಇದು ವ್ಯಾಪಾರವಲ್ಲ ಗುರುಗಳೇ, ಲಾಟರಿ.

ಆಳಂದ_ಮೇಷ್ಟ್ರು:
ಲಾಟರಿಯೂ ಸರಿಯಾಗಿ ಹೊಡೆಯಲಿಲ್ಲ. ಜುನ್ನರ್‌ನಲ್ಲಿ ಅಲ್ಲಿಯ ಖಾನ ಕುದುರೆ ಕಸಿದುಕೊಂಡ. ಮುಸಲ್ಮಾನನಾದರೆ ಕುದುರೆ ವಾಪಸು, ಜೊತೆಗೆ ಬಂಗಾರ ಅಂದ. ನಾಲ್ಕು ದಿನ ಗಡುವು. ಪರ್ಷಿಯಾ ಕಡೆಯ ಖೊರಾಸಾನದ ಒಬ್ಬ ಗೃಹಸ್ಥ ನಡುವೆ ಬಂದು ಮಾತಾಡಿ ಕುದುರೆ ಬಿಡಿಸಿಕೊಟ್ಟ. ನಂತರ ಬೀದರ್. ಗಿರಾಕಿ ಸಿಗದೆ ಆ ಕುದುರೆಯನ್ನು ಒಂದು ವರ್ಷ ಸಾಕಿದ. ಮೇವಿನ ಖರ್ಚನ್ನೂ ಲೆಕ್ಕ ಬರೆದಿಟ್ಟಿದ್ದಾನೆ! ಇಲ್ಲಿಯ ಸರಕು ರಷ್ಯಾಗೆ ಆಗುವಂಥದ್ದಲ್ಲ, ಮೆಣಸು ಮತ್ತು ಬಣ್ಣ ಮಾತ್ರ ಅಗ್ಗ, ಸುಂಕ ಜಾಸ್ತಿ, ಸುಳ್ಳು ಹೇಳಿ ನನ್ನನ್ನು ಇಲ್ಲಿಗೆ ಕಳಿಸಿದರು ಅಂತ ಗೊಣಗಿದ್ದಾನೆ.

ಆದರೆ ಕಣ್ಣು ಚುರುಕು. ಬೀದರ್ ಅರಮನೆಗೆ ಏಳು ಬಾಗಿಲು, ಬಾಗಿಲಲ್ಲಿ ನೂರು ಕಾವಲಿನವರು, ನೂರು ಬರಹಗಾರರು. ಒಳಗೆ ಹೋದವರನ್ನು ಕೆಲವರು ಬರೆದುಕೊಳ್ಳುತ್ತಾರೆ, ಹೊರಬಂದವರನ್ನು ಕೆಲವರು. ರಾತ್ರಿ ಕೊತ್ವಾಲನ ಸಾವಿರ ಸವಾರರು ದೀವಟಿಗೆ ಹಿಡಿದು ಊರು ಸುತ್ತುತ್ತಾರೆ. ಕುದುರೆಗೆ ಏನು ತಿನ್ನಿಸುತ್ತಾರೆ ಗೊತ್ತೇ? ಕಡಲೆ, ಮತ್ತೆ ಸಕ್ಕರೆ ತುಪ್ಪ ಹಾಕಿದ ಕಿಚಡಿ.

ಬೀದರ್_ಬಸವ:
ನಮ್ಮ ಮನೆಯಲ್ಲಿ ವಾರಕ್ಕೆ ಮೂರು ದಿನ ಕಿಚಡಿ. ಈಗ ಅರ್ಥವಾಯಿತು ಎಲ್ಲಿಂದ ಬಂತು ಅಂತ.

ಆಳಂದ_ಮೇಷ್ಟ್ರು:
:) ನನ್ನ ಊರಿನ ಹೆಸರೂ ಅವನ ಬರಹದಲ್ಲಿದೆ. ಆಳಂದದಲ್ಲಿ ಶೇಖ್ ಅಲಾವುದ್ದೀನರ ಹೆಸರಲ್ಲಿ ವರ್ಷಕ್ಕೊಮ್ಮೆ ಜಾತ್ರೆ, ಹತ್ತು ದಿನ ವ್ಯಾಪಾರ, 20 ಸಾವಿರದವರೆಗೆ ಕುದುರೆ ಮಾರಾಟಕ್ಕೆ ಬರುತ್ತವೆ, ಬೀದರ್‌ನಿಂದ 12 ಕೋವ್ ದೂರ ಅನ್ನುತ್ತಾನೆ. ಅದು ನಮ್ಮ ಲಾಡ್ಲೆ ಮಶಾಯಕ್ ದರ್ಗಾ. ಇನ್ನು 'ಕೋವ್' ಅಂದರೆ ನಮ್ಮ ಗಾವುದವೇ ಇರಬೇಕು ಅಂತ ನನಗೆ ಗುಮಾನಿ. ರಾತ್ರಿ 'ಗುಕುಕ್' ಅಂತ ಕೂಗುವ ಹಕ್ಕಿ ಯಾರ ಮನೆ ಮೇಲೆ ಕೂತರೆ ಆ ಮನೆಯಲ್ಲಿ ಸಾವು ಅಂತಲೂ ಬರೆದಿದ್ದಾನೆ. ಗೂಗೆ ಅಲ್ಲದೆ ಇನ್ನೇನು?

ಮುಸಲ್ಮಾನರ ಮಧ್ಯೆ ಅವನ ಹೆಸರು ಖೋಜಾ ಯೂಸುಫ್ ಖೊರಾಸಾನಿ. ಹಿಂದೂಗಳಿಗೆ ಮಾತ್ರ ನಾನು ಕ್ರೈಸ್ತ, ಅಫನಾಸಿ ಅಂತ ನಿಜ ಹೇಳಿದ. ಆಮೇಲೆ ಅವರು ಊಟ, ವ್ಯಾಪಾರ, ಪೂಜೆ ಯಾವುದನ್ನೂ ಮುಚ್ಚಿಡಲಿಲ್ಲವಂತೆ. ಶಿವರಾತ್ರಿಗೆ ಶ್ರೀಶೈಲಕ್ಕೂ ಕರೆದುಕೊಂಡು ಹೋದರು. ಪುಸ್ತಕ ಕಳೆದುಹೋದ್ದರಿಂದ ತನ್ನ ಈಸ್ಟರ್ ಹಬ್ಬ ಯಾವತ್ತು ಅಂತಲೇ ಅವನಿಗೆ ಗೊತ್ತಾಗುತ್ತಿರಲಿಲ್ಲ. ಅಂದಾಜಿನ ಮೇಲೆ ಉಪವಾಸ ಮಾಡಿದ್ದಾನೆ. ಆ ಭಾಗ ಓದುವಾಗ ನನಗೆ ಗಂಟಲು ಕಟ್ಟುತ್ತದೆ.

ವೋಲ್ಗಾ_ವೈದ್ಯೆ:
ಮೇಷ್ಟ್ರೇ, ನಾನು ಯುಗಾದಿ ಯಾವತ್ತು ಅಂತ ಮನೆಗೆ ಫೋನ್ ಮಾಡಿ ಕೇಳುತ್ತಿದ್ದೆ. ಅವನಿಗೆ ಫೋನೂ ಇರಲಿಲ್ಲ ಪಾಪ.

ಊರಿನಲ್ಲಿ ಅವನ ಪ್ರತಿಮೆ ವೋಲ್ಗಾ ದಡದಲ್ಲೇ ಇದೆ, 1955ರಲ್ಲಿ ಮಾಡಿದ್ದು. ದೋಣಿಯ ಮೂತಿಯ ಆಕಾರದ ಪೀಠ, ದೋಣಿಗೆ ಕುದುರೆ ತಲೆ. ಆ ದಡಕ್ಕೆ ಅವನದೇ ಹೆಸರು. ನೆಹರೂ ರಷ್ಯಾಗೆ ಬಂದಾಗ ನಿಕಿತಿನ್ ಪ್ರತಿಮೆ ಎಲ್ಲಿದೆ ಅಂತ ಕೇಳಿದರಂತೆ, ಆಗಿನ ಸೋವಿಯತ್ ನಾಯಕ ಕ್ರುಶ್ಚೆವ್ ಇದೆ ಅಂದುಬಿಟ್ಟು ಆಮೇಲೆ ಗಡಿಬಿಡಿಯಲ್ಲಿ ಮಾಡಿಸಿದರಂತೆ. ಇದು ಊರವರು ಹೇಳೋ ಕಥೆ, ಗ್ಯಾರಂಟಿ ಇಲ್ಲ. ಕೆಳಗಿನ ಬರಹದಲ್ಲಿ ಅವನು ಸ್ನೇಹದ ಉದ್ದೇಶದಿಂದ ಭಾರತಕ್ಕೆ ಹೋಗಿದ್ದ ಅಂತ ಇದೆ.

ಮಲೆನಾಡ_ಮಂಜು:
ಕುದುರೆ ಮಾರಲು ಬಂದವನನ್ನು ರಾಯಭಾರಿ ಮಾಡಿಬಿಟ್ಟರು!

ರೈಲುಹುಚ್ಚ:
ಊರಿಗೆ ವಾಪಸ್ ಹೋದನಾ?

ಆಳಂದ_ಮೇಷ್ಟ್ರು:
ಇಲ್ಲ. ದಾಭೋಳದಲ್ಲಿ ಹಡಗು ಹತ್ತಿ, ಹೊರ್ಮುಜ್, ಪರ್ಷಿಯಾ, ಕಪ್ಪು ಸಮುದ್ರ ದಾಟಿ ಹೋದ. ಸ್ಮೊಲೆನ್ಸ್ಕ್ ಮುಟ್ಟುವ ಮೊದಲೇ ತೀರಿಕೊಂಡ. ತ್ವೇರ್ ಇನ್ನು ಕೆಲವೇ ದಿನದ ದಾರಿ. ವ್ಯಾಪಾರಿಗಳು ಅವನ ಕೈಬರಹದ ಕಟ್ಟನ್ನು 1475ರಲ್ಲಿ ಮಾಸ್ಕೋದ ಅರಮನೆಯ ಗುಮಾಸ್ತನಿಗೆ ತಲುಪಿಸಿದರು. ಹತ್ತು ವರ್ಷದಲ್ಲಿ ತ್ವೇರ್ ರಾಜ್ಯವೇ ಮುಗಿಯಿತು. ನೋಡಿ, ತ್ವೇರ್‌ನವನ ಪುಸ್ತಕ ಉಳಿದದ್ದು ತ್ವೇರನ್ನು ನುಂಗಿದ ಮಾಸ್ಕೋದ ಕಡತದಲ್ಲಿ.

ಅದನ್ನು ಮತ್ತೆ ಹುಡುಕಿ ತೆಗೆದವನು ಇತಿಹಾಸಕಾರ ಕರಮ್‌ಜಿನ್, 19ನೇ ಶತಮಾನದ ಮೊದಲಲ್ಲಿ, ಒಂದು ಮಠದ ಗ್ರಂಥ ಭಂಡಾರದಲ್ಲಿ. ಅದೇ ಕರಮ್‌ಜಿನ್ 1811ರಲ್ಲಿ ತಾನು ಬರೆಯುತ್ತಿದ್ದ ರಷ್ಯಾದ ಇತಿಹಾಸವನ್ನು ಚಕ್ರವರ್ತಿ ಮೊದಲನೇ ಅಲೆಕ್ಸಾಂಡರ್‌ಗೆ ಓದಿ ಹೇಳಿದ್ದು ಎಲ್ಲಿ ಅಂತೀರಿ? ತ್ವೇರ್ ಅರಮನೆಯಲ್ಲಿ.

ರೈಲುಹುಚ್ಚ:
ಮಾಸ್ಕೋಗೆ ಸೇರಿದ ಮೇಲೆ ಅಲ್ಲಿ ಅರಮನೆ ಯಾಕೆ?

ವೋಲ್ಗಾ_ವೈದ್ಯೆ:
ಅದು ದಾರಿ ಅರಮನೆ. ಪೀಟರ್ಸ್‌ಬರ್ಗ್‌ನಿಂದ ಮಾಸ್ಕೋಗೆ ಹೋಗುವಾಗ ರಾಜಮನೆತನದವರು ತಂಗಲು ಕಟ್ಟಿದ್ದು. 1763ರಲ್ಲಿ ಊರಿಗೆ ದೊಡ್ಡ ಬೆಂಕಿ ಬಿತ್ತು. ಮರದ ಮನೆಗಳು, ಹೊತ್ತಿ ಹೋದವು. ಕ್ಯಾಥರೀನ್ ರಾಣಿ ಹೊಸದಾಗಿ ನಕ್ಷೆ ಹಾಕಿಸಿ ಕಲ್ಲಿನಲ್ಲಿ ಕಟ್ಟಿಸಿದಳು. ಒಂದು ಚೌಕದಿಂದ ಮೂರು ಬೀದಿ ತ್ರಿಶೂಲದಂತೆ ಹರಡುತ್ತವೆ, ಪೀಟರ್ಸ್‌ಬರ್ಗ್‌ನ ಹಾಗೆ. ಆ ನಕ್ಷೆ ಬೇರೆ ಊರುಗಳಿಗೂ ಮಾದರಿಯಾಯಿತು. ಅದರ ಮುಖ್ಯ ವಾಸ್ತುಶಿಲ್ಪಿಯ ಹೆಸರು ಪ್ಯೋತರ್ ನಿಕಿತಿನ್. ನಮ್ಮ ನಿಕಿತಿನ್‌ಗೆ ನೆಂಟನಲ್ಲ, ಸುಮ್ನೆ ಹೆಸರು ಒಂದೇ. ಅರಮನೆಯಲ್ಲಿ ಈಗ ಚಿತ್ರಶಾಲೆ ಇದೆ.

ಅದಕ್ಕಿಂತ ಹಳೆಯದು ಊರಲ್ಲಿ ಕಡಿಮೆ. ಜತ್ಮಾಚ್ಯೆಯಲ್ಲಿ ಬಿಳೀ ತ್ರಿನಿಟಿ ಚರ್ಚ್ ಇದೆ, 1564ರದು. ಊರಿನಲ್ಲಿ ಉಳಿದಿರುವುದರಲ್ಲಿ ಅದೇ ಹಳೇದು. ನಿಕಿತಿನ್ ಕೈಮುಗಿದ ಚರ್ಚ್ ಮುಂದೆ ಬೇರೆ ರೂಪದಲ್ಲಿ ಕಟ್ಟಲ್ಪಟ್ಟು, 1935ರಲ್ಲಿ ಸೋವಿಯತ್ ಸರ್ಕಾರ ಸಿಡಿಸಿ ಕೆಡವಿತು. ಇತ್ತೀಚಿನ ವರ್ಷಗಳಲ್ಲಿ ಮತ್ತೆ ಎದ್ದಿದೆ.

ರೈಲುಹುಚ್ಚ:
ಎಲ್ಲರೂ ರಾಜರ ವಿಷಯದಲ್ಲೇ ಮುಳುಗಿದ್ದೀರಿ. ಅದು ಕಾರ್ಖಾನೆ ಊರು ಸ್ವಾಮಿ. 19ನೇ ಶತಮಾನದಲ್ಲಿ ಮೊರೊಜೊವ್ ಕುಟುಂಬ ಅಲ್ಲಿ ದೊಡ್ಡ ಬಟ್ಟೆ ಮಿಲ್ ಮಾಡಿತು. ಕಾರ್ಮಿಕರಿಗೆ ಅಂತ ಕೆಂಪು ಇಟ್ಟಿಗೆಯ ಉದ್ದುದ್ದ ವಠಾರಗಳು. ಒಂದೊಂದು ಕುಟುಂಬಕ್ಕೆ ಒಂದೊಂದು ಕೋಣೆ. ಅವುಗಳಲ್ಲಿ ಒಂದಕ್ಕೆ ಪ್ಯಾರಿಸ್ ಅಂತ ಅಡ್ಡಹೆಸರು. 1898ರಲ್ಲಿ ರೈಲು ಡಬ್ಬಿ ಕಾರ್ಖಾನೆ ಬಂತು. ಇವತ್ತು ರಷ್ಯಾದಲ್ಲಿ ಓಡುವ ದೂರದ ರೈಲಿನ ಬೋಗಿಗಳಲ್ಲಿ ಬಹುಪಾಲು ಅಲ್ಲಿಯವೇ.

ಈಗ ಬೀದರ್‌ನವರಿಗೆ ಒಂದು ಖುಷಿ ಸುದ್ದಿ. ಆ ಕಾರ್ಖಾನೆ ಟ್ರಾನ್ಸ್‌ಮಾಶ್‌ಹೋಲ್ಡಿಂಗ್ ಗುಂಪಿಗೆ ಸೇರಿದ್ದು. ಅದೇ ಗುಂಪು ನಮ್ಮ ರೈಲ್ವೆಯ ಕಂಪನಿ ಜೊತೆ ಸೇರಿ 120 ವಂದೇ ಭಾರತ್ ಸ್ಲೀಪರ್ ರೈಲು ಮಾಡುವ ಗುತ್ತಿಗೆ ತೆಗೆದುಕೊಂಡಿದೆ, ಲಾತೂರ್‌ನಲ್ಲಿ. ನಿಮ್ಮ ಪಕ್ಕದ ಊರು! ನಿಕಿತಿನ್ ಒಂದು ಕುದುರೆ ತಂದ, ಇವರು 120 ರೈಲು ತರುತ್ತಿದ್ದಾರೆ.

ಮಲೆನಾಡ_ಮಂಜು:
ಸ್ವಲ್ಪ ನಿಧಾನ. ಗುಂಪು ಒಂದೇ, ಆದರೆ ರೈಲು ತ್ವೇರ್‌ನಲ್ಲಿ ಮಾಡ್ತಿಲ್ಲ. ಹೋಲಿಕೆ ಚೆನ್ನಾಗಿದೆ ಅಂತ ಎಳೆಯಬಾರದು.

ರೈಲುಹುಚ್ಚ:
ಒಪ್ಪಿದೆ. ಲಾತೂರ್ ಅಂತಲೇ ಹೇಳಿದೆನಲ್ಲ ಮಾರಾಯ. ಹೊಟ್ಟೆ ಉರಿಯೋ ವಿಷಯ ಬೇರೆ ಇದೆ: ರೈಲು ಡಬ್ಬಿ ಮಾಡುವ ಊರಲ್ಲೇ ಟ್ರಾಮ್ ಸತ್ತುಹೋಯಿತು. 1901ರಲ್ಲಿ ಶುರುವಾದದ್ದು 2018ರಲ್ಲಿ ನಿಂತಿತು. 2020ರಲ್ಲಿ ಟ್ರಾಲಿಬಸ್ ಕೂಡ ಹೋಯಿತು. ಈಗ ಬರೀ ಬಸ್.

ವೋಲ್ಗಾ_ವೈದ್ಯೆ:
ಟ್ರಾಮ್ ನಿಂತಿತಾ?! ನನಗೆ ಗೊತ್ತೇ ಇರಲಿಲ್ಲ. ನಾನು ದಿನಾ ಆಸ್ಪತ್ರೆಗೆ ಹೋಗಿದ್ದು ಅದರಲ್ಲೇ. ಬೇಜಾರಾಯಿತು. ಚಳಿಯಲ್ಲಿ ಕಿಟಕಿ ಗಾಜಿನ ಮೇಲೆ ಮಂಜು ಕಟ್ಟಿದಾಗ, ಮಕ್ಕಳು ಬೆರಳಿಂದ ತೂತು ಮಾಡಿ ಹೊರಗೆ ನೋಡುತ್ತಿದ್ದರು.

ಟ್ರಾಮ್ ದಾಟುತ್ತಿದ್ದ ನದಿಯ ಹೊಸ ಸೇತುವೆ ಇದೆಯಲ್ಲ, 1956ರದು, ಅದರ ಕಬ್ಬಿಣ ಲೆನಿನ್‌ಗ್ರಾಡ್‌ನ (ಪೀಟರ್ಸ್‌ಬರ್ಗ್‌ಗೆ ಆಗ ಇದ್ದ ಹೆಸರು) ಹಳೇ ಸೇತುವೆಯದು. ಅಲ್ಲಿ ಬಿಚ್ಚಿ ಇಲ್ಲಿ ತಂದು ಜೋಡಿಸಿದ್ದು. ಕಟಕಟೆಯಲ್ಲಿ ಸಮುದ್ರಕುದುರೆಗಳ ಚಿತ್ತಾರ ಇದೆ. ಸಮುದ್ರವೇ ಇಲ್ಲದ ಊರಿನಲ್ಲಿ ಇದೆಂಥದು ಅಂತ ನಾನು ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿದ್ದೆ.

ಬೀದರ್_ಬಸವ:
ಟ್ರಾಮ್ ದಾಟುತ್ತಿತ್ತು ಅಂದಿರಲ್ಲ ಮೇಡಂ, ಆ ಸೇತುವೆ ಮೇಲೇನಾ?

ವೋಲ್ಗಾ_ವೈದ್ಯೆ:
ಅಯ್ಯೋ, ಈಗ ನೀವು ಕೇಳಿದ ಮೇಲೆ ನನಗೇ ಅನುಮಾನ. ಇಪ್ಪತ್ತು ವರ್ಷದ ಹಳೇ ನೆನಪು. ಆ ಮಾತು ವಾಪಸ್, ಸಮುದ್ರಕುದುರೆ ಮಾತ್ರ ಖಾತ್ರಿ.

ಆಳಂದ_ಮೇಷ್ಟ್ರು:
ಯುದ್ಧದ ಮಾತು ಯಾರೂ ಎತ್ತಲಿಲ್ಲ. 1941ರ ಅಕ್ಟೋಬರ್ ಮಧ್ಯದಲ್ಲಿ ಜರ್ಮನರು ಊರು ಹಿಡಿದರು. ಡಿಸೆಂಬರ್ 16ಕ್ಕೆ ಕೆಂಪು ಸೇನೆ ವಾಪಸು ಪಡೆಯಿತು. ಎರಡೇ ತಿಂಗಳು, ಆದರೆ ಊರು ಜರ್ಜರಿತವಾಯಿತು. ಮಾಸ್ಕೋಗೆ ಉತ್ತರದಿಂದ ನುಗ್ಗುವ ದಾರಿ ಅದು. ಅಲ್ಲೂ ಅದೇ ನದಿ, ಅದೇ ರಸ್ತೆ, ಅದೇ ರೈಲು. ತ್ಮಾಕಾ ವೋಲ್ಗಾಗೆ ಸೇರುವಲ್ಲಿ ಆ ಗೆಲುವಿನ ಕಂಬ ಇದೆ.

ರೈಲುಹುಚ್ಚ:
ಈಗಿನ ಯುದ್ಧದ ಬಗ್ಗೆ? ಹುಡುಗ ಹೋಗೋದು ಸರಿನಾ?

ವೋಲ್ಗಾ_ವೈದ್ಯೆ:
ಅದನ್ನು ಇಲ್ಲಿ ನಾವು ಹೇಳಬಾರದು. ಬಸವ ಅವರೇ, ರಾಯಭಾರ ಕಚೇರಿಯ ಸೂಚನೆಗಳನ್ನು ನೀವೇ ಓದಿ. ಏಜೆಂಟ್ ಮಾತು ಬೇಡ. ಈಗ ಅಲ್ಲಿ ಓದುತ್ತಿರುವ ಮಕ್ಕಳ ಜೊತೆ ನೇರವಾಗಿ ಮಾತಾಡಿ. ಇಲ್ಲಿಗೆ ಮಾನ್ಯತೆ ಸಿಗುತ್ತಾ, ವಾಪಸು ಬಂದ ಮೇಲಿನ ಪರೀಕ್ಷೆ ಏನು, ಎಲ್ಲ ಬರಹದಲ್ಲಿ ನೋಡಿಕೊಳ್ಳಿ. ನಮ್ಮ ಬ್ಯಾಚಿನಲ್ಲಿ ಒಬ್ಬ ಏಜೆಂಟ್ ಹಾಸ್ಟೆಲ್ ದುಡ್ಡು ತೆಗೆದುಕೊಂಡು ಫೋನ್ ಎತ್ತುವುದನ್ನೇ ಬಿಟ್ಟಿದ್ದ. ಹನ್ನೊಂದು ಹುಡುಗರು ಮೊದಲ ವಾರ ನೆಲದ ಮೇಲೆ ಮಲಗಿದರು.

ಬೀದರ್_ಬಸವ:
ಖಂಡಿತ ಮೇಡಂ. ಅಣ್ಣನಿಗೆ ಹೇಳಿದ್ದೇನೆ. ಊಟದ ಬಗ್ಗೆ ಒಂದು ಮಾತು? ಹುಡುಗ ಸಸ್ಯಾಹಾರಿ. ಅತ್ತಿಗೆ ಈಗಲೇ ಅರ್ಧ ಚೀಲ ಜೋಳದ ಹಿಟ್ಟು ತುಂಬಿಟ್ಟಿದ್ದಾರೆ.

ವೋಲ್ಗಾ_ವೈದ್ಯೆ:
ಹಿಟ್ಟು ಬೇಡ, ತೂಕ ಸುಮ್ನೆ ಹೋಗುತ್ತೆ. ಅಲ್ಲಿ ಗ್ರೆಚ್ಕಾ ಅಂತ ಒಂದು ಧಾನ್ಯ ಸಿಗುತ್ತದೆ, ಅಗ್ಗ. ಒಗ್ಗರಣೆ ಹಾಕಿ ಉಪ್ಪಿಟ್ಟು ಮಾಡಿದರೆ ಮೊದಲ ತಿಂಗಳು ಬೈದುಕೊಂಡು ತಿನ್ನುತ್ತಾನೆ, ಆಮೇಲೆ ಕೇಳಿ ತಿನ್ನುತ್ತಾನೆ. ಆಲೂಗಡ್ಡೆ, ಕ್ಯಾಬೇಜ್, ಮೊಸರು, ಹಾಲಿಗೆ ಕೊರತೆಯಿಲ್ಲ. ತರಬೇಕಾದ್ದು ಸಾಸಿವೆ, ಜೀರಿಗೆ, ಇಂಗು, ಖಾರದ ಪುಡಿ, ತೊಗರಿಬೇಳೆ, ಒಂದು ಚಿಕ್ಕ ಕುಕ್ಕರ್. ಚಳಿ ಬಟ್ಟೆ ಇಲ್ಲಿ ಕೊಳ್ಳಬೇಡಿ, ನಮ್ಮ ಅಂಗಡಿಯ ಜಾಕೆಟ್ ಅಲ್ಲಿ ನವೆಂಬರ್‌ಗೇ ಸೋಲುತ್ತದೆ. ಬೂಟು ಅಲ್ಲೇ ಕೊಳ್ಳಲಿ.

ಬೀದರ್_ಬಸವ:
ಸರಿ ಮೇಡಂ. ಇವತ್ತು ಸಂಜೆ ಹುಡುಗನನ್ನು ಕೋಟೆಗೆ ಕರೆದುಕೊಂಡು ಹೋಗಿದ್ದೆ. ಏಳು ಬಾಗಿಲು ಎಣಿಸೋಣ ಅಂತ ಹೋದವರು ಮಧ್ಯದಲ್ಲೇ ಜಗಳ ಮಾಡಿಕೊಂಡೆವು, ಅವನು ಎಣಿಸಿದ್ದಕ್ಕೂ ನಾನು ಎಣಿಸಿದ್ದಕ್ಕೂ ಹೊಂದಲಿಲ್ಲ. ಮೇಷ್ಟ್ರೇ, ನಿಕಿತಿನ್ ಹೇಳಿದ ಬಾಗಿಲುಗಳು ಅರಮನೆಯದೋ, ಇಡೀ ಕೋಟೆಯದೋ?

ಆಳಂದ_ಮೇಷ್ಟ್ರು:
ಸುಲ್ತಾನನ ಅರಮನೆಯದು. ಮುಂದಿನ ಭಾನುವಾರ ನಾನೇ ಬೀದರ್‌ಗೆ ಬರುತ್ತೇನೆ. ಮೂವರೂ ಕೂಡಿ ಎಣಿಸೋಣ. ಬರುವಾಗ ಪುಸ್ತಕ ತರುತ್ತೇನೆ, ಹುಡುಗ ಹೊರಡುವ ಮೊದಲು ಓದಿ ಹಿಂದಿರುಗಿಸಬೇಕು.